ಮಕ್ಕಳಿಗೆ ಹೂವಿನ ಪಾಠ

ಹೂಬಿಡುವ ಗಿಡದ ಭಾಗಗಳನ್ನು ಎಳೆಯ ಮಕ್ಕಳಿಗೆ ಪರಿಚಯಮಾಡಿಕೊಡುವುದು ಹೇಗೆ ಎಂಬುದು ಈ ಭಾಷಣದ ವಿಷಯ. ಇದು ಉಪಾಧ್ಯಾಯರಿಗೆ ಸಂಬಂಧಪಟ್ಟ ವಿಚಾರ, ನಮಗೇಕೆ ಎಂದು ಕೇಳುವವರು ಭಾವಿಸಬಾರದು. ಶಾಲೆಯಲ್ಲಿ ಈ ಪಾಠ ಒಂದು ವಾರದೊಳಗೆ ಮುಗಿದುಹೋಗುತ್ತದೆ. ಮನೆಯಲ್ಲಿಯಾದರೋ ಅದಕ್ಕೆ ಬೇಕಾದ ಸಾಮಗ್ರಿ ದಿನವೂ ಈಳಿಗೆಮಣೆಯ ಮುಂದೆ ರಾಶಿ ಬಿದ್ದಿರುತ್ತದೆ. ಅದನ್ನು ಪಾಠವೆಂದು ಗಣಿಸುವವರಿಲ್ಲ, ಅಷ್ಟೆ.

ಬೇರು, ಕಾಂಡ, ಎಲೆ, ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಾರುಕಟ್ಟೆಯಿಂದ ಬೇರುಸಹಿತ ಬಂದ ಒಂದು ದಂಟಿನ ಗಿಡವನ್ನು ತೊಳೆದು ಮಗುವಿನ ಮುಂದಿಟ್ಟರೆ ಯಾವುದು ಮಣ್ಣಿನೊಳಗಿತ್ತು, ಯಾವುದು ಮೇಲಿತ್ತು ಎಂಬುದನ್ನು ಅದೇ ಹೇಳುತ್ತದೆ. ಬೇರು ಗಿಡವನ್ನು ನೆಲಕ್ಕೆ ಹಿಡಿದು ನೀರನ್ನು ಹೀರುತ್ತದೆ, ಕಾಂಡ ಎತ್ತಿ ನಿಲ್ಲಿಸುತ್ತದೆ, ಎಲೆ ಬಿಸಿಲಿನ ಸಹಾಯದಿಂದ ಆಹಾರವನ್ನು ಸಿದ್ಧಪಡಿಸುತ್ತದೆ. ಐದಾರು ವರ್ಷದ ಮಗುವಿಗೆ ಇಷ್ಟು ಸಾಕು. ತೊಡಕು ಪ್ರಾರಂಭವಾಗುವುದು ಹೂವಿನಲ್ಲಿ. ಹೂವು ಏತಕ್ಕೆ ಎಂದು ಕೇಳಿದರೆ ನಮ್ಮ ಮನೆಗಳ ಮಕ್ಕಳ ಬಳಿ ಸಿದ್ಧವಾದ ಉತ್ತರಗಳಿವೆ: ದೇವರಿಗೆ, ಮುಡಿಯುವುದಕ್ಕೆ, ಮದುವೆಯ ಚಪ್ಪರಕ್ಕೆ. ಗಿಡಕ್ಕೆ ಅದು ಏತಕ್ಕೆ ಬೇಕು ಎಂಬ ಪ್ರಶ್ನೆಯನ್ನು ಅವು ಕೇಳಿಕೊಂಡೇ ಇರುವುದಿಲ್ಲ.

ಈ ಪ್ರಶ್ನೆಯನ್ನು ಎತ್ತದೆಯೇ ಹೂವಿನ ಪಾಠ ನಡೆದುಹೋಗುತ್ತದೆಂಬುದೇ ನಮ್ಮ ದೂರು. ಗೋಡೆಯ ಮೇಲೆ ದಾಸವಾಳದ ದೊಡ್ಡ ಚಿತ್ರವೊಂದು ತೂಗಾಡುತ್ತಿರುತ್ತದೆ. ಉಪಾಧ್ಯಾಯರು ಬೆತ್ತದ ತುದಿಯಿಂದ ಒಂದೊಂದು ಭಾಗವನ್ನು ಮುಟ್ಟಿ ಪುಷ್ಪಪಾತ್ರೆ, ದಳ, ಕೇಸರ, ಶಲಾಕೆ ಎಂದು ಹೇಳುತ್ತಾರೆ. ಮಕ್ಕಳು ಒಕ್ಕೊರಲಿನಿಂದ ಅದನ್ನೇ ಹೇಳುತ್ತಾರೆ. ಮರುದಿನ ಚಿತ್ರವನ್ನು ಬರೆದು ಹೆಸರುಗಳನ್ನು ಗುರುತಿಸಿದರೆ ಪಾಠ ಮುಗಿಯಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುವ ನಮ್ಮಂಥವರ ಬಳಿಗೆ ಹತ್ತು ಹನ್ನೆರಡು ವರ್ಷಗಳ ತರುವಾಯ ಇದೇ ಮಕ್ಕಳು ಬರುತ್ತಾರೆ. ದಾಸವಾಳವನ್ನು ಉದ್ದಕ್ಕೆ ಸೀಳಿದ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲರು. ಆದರೆ ಅವರ ಕೈಗೆ ಒಂದು ಬೆಂಡೆಕಾಯಿಯನ್ನು ಕೊಟ್ಟು, ಇದು ಹೂವಿನ ಯಾವ ಭಾಗವಾಗಿತ್ತು, ಎಸಳುಗಳು ಇದರ ಯಾವ ತುದಿಯಲ್ಲಿದ್ದುವು ಎಂದು ಕೇಳಿದರೆ ಹಲವರು ಸುಮ್ಮನಾಗುತ್ತಾರೆ. ಅವರು ದಡ್ಡರಲ್ಲ. ಹೂವು ಮತ್ತು ಕಾಯಿಗಳನ್ನು ಎರಡು ಬೇರೆ ಪುಟಗಳಲ್ಲಿ, ಎರಡು ಬೇರೆ ವಸ್ತುಗಳಂತೆ ಅವರು ಕಲಿತಿದ್ದಾರೆ. ಎಳೆತನದಲ್ಲಿ ಹೀಗೆ ಬೇರ್ಪಟ್ಟುದನ್ನು ಮತ್ತೆ ಹೊಂದಿಸುವುದರಲ್ಲಿ ನಮ್ಮ ಮೊದಲನೆಯ ವರ್ಷದ ಅರ್ಧಭಾಗ ಕಳೆಯುತ್ತದೆ.

ತಪ್ಪಿನ ಒಂದು ಪಾಲು ಉಪಾಧ್ಯಾಯರದಲ್ಲ, ದಾಸವಾಳದ್ದು. ಆ ಹೂವಿನ ಮೇಲೆ ನಮಗೇನೂ ದ್ವೇಷವಿಲ್ಲ. ಅದು ದೊಡ್ಡದು, ವರ್ಷವೆಲ್ಲಾ ಅರಳುತ್ತದೆ, ಯಾವ ಹಿತ್ತಿಲಲ್ಲಿಯಾದರೂ ಸಿಕ್ಕುತ್ತದೆ, ಅದರ ಭಾಗಗಳು ಕಣ್ಣಿಗೆ ಎದ್ದುಕಾಣುತ್ತವೆ. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ನಮ್ಮ ತೋಟಗಳ ಕೆಂಪು ದಾಸವಾಳ ಕಾಯಿ ಕಟ್ಟುವುದು ಬಲು ಅಪರೂಪ. ಅದನ್ನು ನಾವು ಬೆಳೆಸುವುದು ಕಡ್ಡಿ ನೆಟ್ಟು, ಬೀಜ ಬಿತ್ತಿ ಅಲ್ಲ. ಅದು ಬೆಳಿಗ್ಗೆ ಅರಳಿ, ಬಾಡಿ, ಮುದುಡಿ, ತೊಟ್ಟುಸಹಿತ ಉದುರಿಹೋಗುತ್ತದೆ. ಅದರ ನಡುವೆ ಅಂಡಾಶಯವೆಂಬುದೊಂದಿದೆಯೆಂದು ಮಗುವಿಗೆ ಹೇಳಬಹುದು. ಆ ಅಂಡಾಶಯ ಏನಾಯಿತೆಂದು ತೋರಿಸುವಂತಿಲ್ಲ. ಮುಖ್ಯ ಘಟನೆಯೇ ನಡೆಯದ ಕಥೆಯನ್ನು ಪಾತ್ರಗಳ ಹೆಸರು ಕಲಿಸುವುದಕ್ಕಾಗಿ ಓದಿಸಿದಂತೆ ಇದು. ಸುತ್ತುದಾಸವಾಳವಾದರೆ ಇನ್ನೂ ಕಷ್ಟ: ಅದರಲ್ಲಿ ಕೇಸರಗಳಲ್ಲಿ ಬಹುಪಾಲು ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಅರ್ಧ ಎಸಳು, ಅರ್ಧ ಕೇಸರವಾಗಿ ನಿಂತ ತುಣುಕುಗಳೂ ಅಲ್ಲಿ ಸಿಕ್ಕುತ್ತವೆ. ಹೂವಿನ ಭಾಗಗಳೆಲ್ಲ ಎಲೆಯ ರೂಪಾಂತರಗಳೆಂದು ಜರ್ಮನ್ ಕವಿ ಗಯಟೆ ೧೭೯೦ರಲ್ಲಿ ಮಂಡಿಸಿದ ವಾದವನ್ನು ದೊಡ್ಡ ವಿದ್ಯಾರ್ಥಿಗಳಿಗೆ ವಿವರಿಸುವಾಗ ಇದು ಸೊಗಸಾದ ನಿದರ್ಶನ. ಆರು ವರ್ಷದ ಮಗುವಿಗೆ ಅದು ಗೊಂದಲ.

ಹಾಗಾದರೆ ಯಾವ ಹೂವು? ನಮ್ಮ ಮತದಲ್ಲಿ ಬೆಂಡೆಯ ಹೂವು.

ಬೆಂಡೆಯೂ ದಾಸವಾಳವೂ ಒಂದೇ ಕುಟುಂಬಕ್ಕೆ ಸೇರಿದುವು. ಹತ್ತಿಯೂ ಅದೇ ಮನೆತನದ್ದು. ಆದಕಾರಣ ದಾಸವಾಳದಲ್ಲಿ ತೋರಿಸಬಹುದಾದುದೆಲ್ಲವನ್ನೂ ಬೆಂಡೆಯಲ್ಲಿ ತೋರಿಸಬಹುದು. ತಿಳಿಹಳದಿಯ ಐದು ಎಸಳು, ಒಳಬುಡದಲ್ಲಿ ಕಡುಗೆಂಪಿನ ಮಚ್ಚೆ; ನೋಡುವುದಕ್ಕೂ ಚೆಲುವಾದ ಹೂವೇ. ಅದು ಅರಳುವುದು ಬೆಳಗಿನ ಹೊತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಆದುದರಿಂದ ಈ ಪಾಠ ದಿನದ ಮೊದಲನೆಯ ಪಾಠವಾಗಿರಬೇಕು. ವೇಳಾಪಟ್ಟಿಯಲ್ಲಿ ಪ್ರಕೃತಿಪಾಠವನ್ನು ಮಧ್ಯಾಹ್ನದ ಕೊನೆಯ ಗಂಟೆಗೆ, ಮಕ್ಕಳೂ ಹೂವೂ ಬಾಡಿರುವ ಕಾಲಕ್ಕೆ, ತಳ್ಳುವ ಪದ್ಧತಿಯನ್ನು ಯಾರು ತಂದರೋ ತಿಳಿಯದು.

ಇಬ್ಬರು ಮಕ್ಕಳಿಗೆ ಒಂದು ಹೂವಿರಲಿ. ಒಂದು ಬಿಳಿಯ ಕಾಗದ, ಒಂದು ಸೂಜಿ ಅಥವಾ ಕಡ್ಡಿಯ ಮೊನೆ, ಇವಿಷ್ಟೇ ಉಪಕರಣಗಳು. ಮೊದಲು ಕೀಳಿಸಬಾರದು, ನೋಡಿಸಬೇಕು. ಹೂವು ಎಲ್ಲಿ ಹುಟ್ಟಿತು? ಎಲೆಯ ತೊಟ್ಟು ಕಾಂಡವನ್ನು ಸೇರುವ ಕಂಕುಳಲ್ಲಿ. ಹಾಗಾದರೆ ಮೇಲಿನ ಎಲೆಯ ಕಂಕುಳಲ್ಲಿ ಏನಿದೆ? ಮೊಗ್ಗು. ಕೆಳಗಿನದರಲ್ಲಿ? ಎಳೆಯ ಕಾಯಿ. ಇನ್ನೂ ಕೆಳಗೆ? ಬಲಿತ ಕಾಯಿ. ಒಂದೇ ಗಿಡದ ಮೇಲೆ, ತುದಿಯಿಂದ ಬುಡದ ಕಡೆಗೆ, ಮೊಗ್ಗಿನಿಂದ ಕಾಯಿಯವರೆಗಿನ ಚರಿತ್ರೆ ಮೆಟ್ಟಲುಮೆಟ್ಟಲಾಗಿ ಇಳಿದುಬಂದಿರುತ್ತದೆ. ಇದಕ್ಕಿಂತ ಒಳ್ಳೆಯ ಭಿತ್ತಿಚಿತ್ರವನ್ನು ಯಾವ ಮುದ್ರಣಾಲಯವೂ ಅಚ್ಚುಹಾಕಿಲ್ಲ.

ತರುವಾಯ ಹೂವನ್ನು ಬಿಡಿಸಬೇಕು. ಹೊರಗಡೆ ದಾರದಂತೆ ಕಿರಿದಾದ ಎಂಟು ಹತ್ತು ಹಸುರು ಎಳೆಗಳು ಕಾಣುತ್ತವೆ. ಅವುಗಳೊಳಗೆ ಮೊಗ್ಗನ್ನು ಮುಚ್ಚಿದ್ದ ಹಸುರು ಹೊದಿಕೆ. ಬೆಂಡೆಯಲ್ಲಿ ಇದು ಬಿಡಿಬಿಡಿ ಎಲೆಗಳಾಗಿರದೆ ಒಂದೇ ಚೀಲದಂತಿದ್ದು, ಹೂವು ಅರಳುವಾಗ ಒಂದು ಪಕ್ಕದಲ್ಲಿ ಸೀಳುತ್ತದೆ. ಬಳಿಕ ಐದು ಎಸಳುಗಳು. ಇವುಗಳನ್ನು ಮೆಲ್ಲನೆ ಹಿಡಿದೆಳೆದರೆ ನಡುವಿನ ಕೊಳವೆಯೂ ಜೊತೆಯಲ್ಲಿಯೇ ಕಳಚಿಕೊಳ್ಳುತ್ತದೆ, ಏಕೆಂದರೆ ಬುಡದಲ್ಲಿ ಎರಡಕ್ಕೂ ಕೂಡಿಕೆಯುಂಟು. ಆ ಕೊಳವೆಯ ಮೈತುಂಬ ಚಿಕ್ಕ ಚಿಕ್ಕ ಗುಂಡುಗಳು ಅಂಟಿಕೊಂಡಿವೆ. ಮಗು ಅವನ್ನು ಬೆರಳಿನಿಂದ ಮುಟ್ಟಲಿ. ಬೆರಳಿಗೆ ಹುಡಿ ಹತ್ತುತ್ತದೆ. ಅದೇ ಪರಾಗ. ಕೊಳವೆ ಸಲೀಸಾಗಿ ಬಾರದಿದ್ದರೆ ಸೂಜಿಯಿಂದ ಉದ್ದಕ್ಕೆ ಸೀಳಿ ತೆಗೆಯಬಹುದು.

ಈಗ ಕೈಯಲ್ಲಿ ಉಳಿದಿರುವುದೇನು? ತೊಟ್ಟಿನ ಮೇಲೆ ಚೂಪಾಗಿ ನಿಂತ, ನವುರಾದ ರೋಮಗಳಿಂದ ಕೂಡಿದ, ಏಣು ಏಣಾದ ಒಂದು ಪುಟ್ಟ ಹಸುರು ವಸ್ತು. ಅದರ ತುದಿಯಿಂದ ಹೊರಟ ಎಳೆ. ಎಳೆಯ ಕೊನೆಯಲ್ಲಿ ಕಡುಗೆಂಪಾದ ಮೆತ್ತನೆಯ ಗುಬ್ಬಿಗಳು. ಉಪಾಧ್ಯಾಯರು ಈ ಸಮಯದಲ್ಲಿ ಬಾಯಿ ತೆರೆಯಬಾರದು. ತಮ್ಮ ತಾವೇ ಮಕ್ಕಳು ಕೂಗುತ್ತಾರೆ: ಬೆಂಡೆಕಾಯಿ! ಅಂಡಾಶಯವೆಂಬ ಹೆಸರನ್ನು ಆ ದಿನ ಹೇಳದಿದ್ದರೂ ನಷ್ಟವಿಲ್ಲ. ಹೂವಿನೊಳಗೆ ಕಾಯಿ ಮೊದಲೇ ಕುಳಿತಿತ್ತು ಎಂಬುದನ್ನು ಮಗು ಕಂಡಾಯಿತು.

ಅದೇ ದಿನ ಅಡಿಗೆಯ ಬೆಂಡೆಕಾಯೊಂದನ್ನು ಅಡ್ಡಲಾಗಿ ಕೊಯ್ದು ತೋರಿಸಬೇಕು. ಸಾಮಾನ್ಯವಾಗಿ ಐದು ಮನೆಗಳು. ಕೆಲವು ತಳಿಗಳಲ್ಲಿ ಆರು, ಏಳು, ಎಂಟೂ ಉಂಟು. ಒಂದೊಂದು ಮನೆಯಲ್ಲಿಯೂ ನಡುಗಂಬಕ್ಕೆ ಅಂಟಿಕೊಂಡ ಬಿಳಿಯ ಬೀಜಗಳ ಸಾಲು. ಕಾಯಿಯ ತೊಟ್ಟಿನ ಬಳಿ ಉಂಗುರದಂತೆ ಒಂದು ಗುರುತಿದೆಯಲ್ಲವೆ? ಹಸುರು ಹೊದಿಕೆಯೂ ಎಸಳುಗಳೂ ಅಂಟಿಕೊಂಡಿದ್ದು ಕಳಚಿಬಿದ್ದ ಜಾಗ ಅದು. ಗೃಹಿಣಿಯರು ಇದೇ ಗುರುತಿನಲ್ಲಿ ಕಾಯಿಯ ತೊಟ್ಟನ್ನು ಕತ್ತರಿಸಿ ಎಸೆಯುತ್ತಾರೆ. ನಿತ್ಯವೂ ಎಸೆಯುವ ಚೂರಿನಲ್ಲಿ ಹೂವಿನ ವಿಳಾಸ ಬರೆದಿರುತ್ತದೆ.

ಇಲ್ಲಿ ಮನೆಯ ಹಿರಿಯರಿಂದ ಬರಬಹುದಾದ ಒಂದು ಆಕ್ಷೇಪಣೆಯನ್ನೂ ಹೇಳಿಬಿಡಬೇಕು. ಹೂವನ್ನು ಕಿತ್ತು ಚೂರುಚೂರು ಮಾಡುವುದು ನಮ್ಮ ಅಜ್ಜಿಯರಿಗೆ ಸೇರುವುದಿಲ್ಲ. ಸಂಜೆಯಾದ ಮೇಲೆ ಗಿಡವನ್ನು ಮುಟ್ಟಗೊಡದವರು ಅವರು. ಆ ಭಾವನೆಯನ್ನು ಹಗುರವಾಗಿ ಕಾಣುವುದು ನಮಗೆ ಇಷ್ಟವಿಲ್ಲ. ಮಗುವಿಗೆ ಗಿಡದ ಮೇಲೆ ಮರುಕ ಹುಟ್ಟುವುದು ಅಂಥ ಮಾತುಗಳಿಂದಲೇ. ಆದರೆ ಬೆಂಡೆಯ ಹೂವು ಪೂಜೆಗೆ ಏರುವುದೂ ಇಲ್ಲ, ಮುಡಿಗೆ ಏರುವುದೂ ಇಲ್ಲ. ಅದನ್ನು ಬಿಡಿಸಿ ನೋಡಿದರೆ ಯಾವ ಅಜ್ಜಿಯೂ ಕೋಪಿಸಿಕೊಳ್ಳಲಾರಳು, ಸಾರಿಗೆ ಒಂದು ಕಾಯಿ ಕಡಿಮೆಯಾಯಿತೆಂದು ಹೇಳಿಯಾಳು ಅಷ್ಟೆ.

ಇನ್ನು ಹೆಸರುಗಳ ವಿಚಾರ. ಶಾಸ್ತ್ರೀಯ ಶಬ್ದಗಳು ಬೇಡವೆಂದು ನಾವು ಹೇಳುವುದಿಲ್ಲ. ಪುಷ್ಪಪಾತ್ರೆ, ಕೇಸರ, ಶಲಾಕೆ, ಅಂಡಾಶಯ ಇವೆಲ್ಲ ಖಚಿತವಾದ ಪದಗಳು, ಮುಂದೆ ಬೇಕಾಗುತ್ತವೆ. ಆದರೆ ಅವು ಬರುವುದಕ್ಕೆ ಮುಂಚೆ ಮಗುವಿನ ನಾಲಗೆಯ ಮೇಲೆ ಆಗಲೇ ಇರುವ ಪದಗಳನ್ನು ವಿಚಾರಿಸಬೇಕು. ತೊಟ್ಟು, ಮೊಗ್ಗು, ಎಸಳು, ಕಾಯಿ, ಬೀಜ ಇವು ಶಾಲೆಗೆ ಬರುವ ಮುನ್ನವೇ ಅದಕ್ಕೆ ಗೊತ್ತು. ಇಷ್ಟೇ ಅಲ್ಲ. ಹೂವು ಹಣ್ಣಾಗುವ ದಾರಿಯುದ್ದಕ್ಕೂ ಕನ್ನಡದಲ್ಲಿ ಹೆಸರುಗಳ ಸಾಲೇ ಇದೆ: ನನೆ, ಮೊಗ್ಗು, ಹೂವು, ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ಉಪ್ಪಿನಕಾಯಿ ಹಾಕುವ ಹೆಂಗಸಿಗೆ ಮಾವಿನ ಮಿಡಿಗೂ ಕಾಯಿಗೂ ಇರುವ ಭೇದವನ್ನು ಯಾವ ಸಸ್ಯಶಾಸ್ತ್ರಜ್ಞನೂ ಕಲಿಸಬೇಕಾಗಿಲ್ಲ. ಪಠ್ಯಪುಸ್ತಕಗಳು ಹೂವಿಗೂ ಕಾಯಿಗೂ ನಡುವೆ ಬಿಟ್ಟ ಕಂದರವನ್ನು ನಮ್ಮ ಭಾಷೆ ಈ ಹೀಚು, ಮಿಡಿಗಳಿಂದ ತುಂಬಿಟ್ಟಿದೆ. ಈ ಸಾಲನ್ನು ಮೊದಲು ಜೋಡಿಸಿ, ಆಮೇಲೆ ಹೀಚಾಗುವ ಭಾಗಕ್ಕೆ ಅಂಡಾಶಯವೆಂದು ಹೆಸರು ಎಂದರೆ ಆ ಹೆಸರು ನಿಲ್ಲುತ್ತದೆ.

ಶಾಸ್ತ್ರೀಯ ಪದಗಳಲ್ಲಿಯೂ ಎಚ್ಚರಿಕೆ ಬೇಕು. ಹುಡಿಯನ್ನು ಹೊರುವ ಭಾಗಕ್ಕೆ ನಾವು ಕೇಸರವೆನ್ನುತ್ತೇವೆ. ಹಾಲಿಗೆ ಹಾಕುವ ಕೇಸರಿ ಆ ಕೇಸರವೇ ಎಂದು ಮಗು ಕೇಳಿದರೆ ಹೌದೆಂದುಬಿಡುವವರು ಬಹಳ. ಅದು ನಿಜವಲ್ಲ. ಕಾಶ್ಮೀರದ ಆ ಹೂವಿನಲ್ಲಿ ಮೂರು ಕೇಸರಗಳು ಬೇರೆ ಇವೆ. ನಾವು ಕೊಳ್ಳುವ ಕೆಂಪು ಎಳೆಗಳು ಶಲಾಕೆಯ ತುದಿಗಳು, ಹೂವೊಂದಕ್ಕೆ ಮೂರರಂತೆ ಮಾತ್ರ. ಅದರ ಬೆಲೆಗೆ ಇದೂ ಒಂದು ಕಾರಣ.

ಹೆಸರನ್ನು ಕಲಿಸುವ ಕ್ರಮಕ್ಕೆ ಮರಿಯ ಮಾಂಟೆಸೊರಿಯವರು ಒಳ್ಳೆಯ ದಾರಿಯನ್ನು ತೋರಿಸಿದ್ದಾರೆ. ೧೯೩೯ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಆ ಇಟಲಿಯ ಮಹಿಳೆ ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು ಅನೇಕ ಉಪಾಧ್ಯಾಯರಿಗೆ ಶಿಕ್ಷಣವನ್ನಿತ್ತರು. ಫ್ರೆಂಚ್ ವೈದ್ಯ ಸೆಗ್ವಾನನಿಂದ ಅವರು ಎತ್ತಿಕೊಂಡ ಪದ್ಧತಿಯಲ್ಲಿ ಮೂರು ಹಂತಗಳಿವೆ: ಇದು ಎಸಳು ಎಂದು ತೋರಿಸುವುದು, ಎಸಳನ್ನು ಕೊಡು ಎಂದು ಕೇಳುವುದು, ಕೊನೆಗೆ ಇದೇನು ಎಂದು ಪ್ರಶ್ನಿಸುವುದು. ನಮ್ಮ ಪಾಠಶಾಲೆಗಳು ಮೊದಲನೆಯ ಹಂತದಿಂದ ನೇರವಾಗಿ ಮೂರನೆಯದಕ್ಕೆ ಹಾರುತ್ತವೆ. ನಡುವಣ ಹಂತದಲ್ಲಿ ಮಗು ಬಾಯಿಂದ ಉತ್ತರ ಕೊಡಬೇಕಾಗಿಲ್ಲ, ಕೈಯಿಂದ ಕೊಡುತ್ತದೆ. ಸಂಕೋಚದ ಮಕ್ಕಳಿಗೆ ಅದೇ ಆಸರೆ. ಮಾಂಟೆಸೊರಿ ಶಾಲೆಗಳಲ್ಲಿ ಹೂವಿನ ಭಾಗಗಳ ಮರದ ಜೋಡಣೆಚಿತ್ರಗಳೂ ಚೀಟಿಗಳೂ ಬಳಕೆಯಲ್ಲಿವೆ. ಅವು ಚೆನ್ನಾಗಿವೆ, ಆದರೆ ನಿಜವಾದ ಹೂವನ್ನು ಬಿಡಿಸಿದ ಮೇಲೆ ಬರಲಿ. ಮರದ ಹೂವು ಕಾಯಿಬಿಡುವುದಿಲ್ಲವೆಂಬ ವಿಷಯದಲ್ಲಿ ಅದು ದಾಸವಾಳದ ತಮ್ಮ.

ಬಡ ಹಳ್ಳಿಯ ಮಕ್ಕಳಿಗೆ ಇದೆಲ್ಲ ಸಾಧ್ಯವೇ ಎಂದು ಸಂಶಯಪಡುವವರು ಜಾನ್ ಸ್ಟೀವನ್ಸ್ ಹೆನ್ಸ್‌ಲೋವಿನ ಕಥೆಯನ್ನು ಕೇಳಬೇಕು. ಆತ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು, ಚಾರ್ಲ್ಸ್ ಡಾರ್ವಿನ್ನನ ಗುರು. ೧೮೩೧ರಲ್ಲಿ ಬೀಗಲ್ ಹಡಗಿನ ಪ್ರಯಾಣಕ್ಕೆ ಡಾರ್ವಿನ್ನನ ಹೆಸರನ್ನು ಸೂಚಿಸಿದವನು ಆತನೇ. ಅಂಥವನು ಸಫೊಕ್ ಪ್ರಾಂತದ ಹಿಚಮ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದು, ೧೮೫೦ರ ದಶಕದಲ್ಲಿ ಅಲ್ಲಿಯ ಶಾಲೆಯ ಮಕ್ಕಳಿಗೆ ತಾನೇ ನಿಂತು ಸಸ್ಯಪಾಠ ಹೇಳಿದನು. ಒಕ್ಕಲುಮಕ್ಕಳು ಊರ ಸುತ್ತಲಿನ ಕಾಡುಹೂಗಳನ್ನು ತಂದು, ಬಿಡಿಸಿ, ಎಷ್ಟು ಎಸಳು, ಎಷ್ಟು ಕೇಸರ, ಯಾವುದು ಯಾವುದಕ್ಕೆ ಅಂಟಿದೆ ಎಂಬುದನ್ನು ಆತ ಹಾಕಿಕೊಟ್ಟ ಪಟ್ಟಿಯಲ್ಲಿ ತುಂಬಬೇಕಾಗಿತ್ತು. ೧೮೬೧ರಲ್ಲಿ ಆತನು ತೀರಿಕೊಂಡ ಮೇಲೆ ಆ ಪಾಠಗಳ ಸಾಮಗ್ರಿಯನ್ನು ಆಧರಿಸಿ ಡೇನಿಯಲ್ ಆಲಿವರನು ೧೮೬೪ರಲ್ಲಿ ಒಂದು ಪ್ರಾಥಮಿಕ ಪುಸ್ತಕವನ್ನು ಹೊರತಂದನು. ೧೮೬೯ರಲ್ಲಿ ಅದೇ ಆಲಿವರನು ಭಾರತದ ಗಿಡಗಳನ್ನಿಟ್ಟುಕೊಂಡು ನಮ್ಮ ದೇಶಕ್ಕೆಂದೇ ಇನ್ನೊಂದನ್ನು ಬರೆದನು. ಹೀಗೆ ಒಂದು ಇಂಗ್ಲಿಷ್ ಹಳ್ಳಿಯ ಶಾಲೆಯಲ್ಲಿ ನಡೆದ ಪ್ರಯೋಗ ನಮ್ಮ ಕಾಲೇಜುಗಳವರೆಗೂ ಬಂದಿತು. ಮಧ್ಯದಲ್ಲಿ ಎಲ್ಲಿಯೋ ಪಟ್ಟಿ ಉಳಿದು ಹೂವು ಕೈಬಿಟ್ಟುಹೋಯಿತು.

ಪರಾಗದ ಕೆಲಸವನ್ನು ಮಕ್ಕಳಿಗೆ ಹೇಳಬೇಕೆ ಎಂದು ಕೆಲವರು ಹಿಂದೆಗೆಯುತ್ತಾರೆ. ಹೂವುಗಳಲ್ಲಿ ಗಂಡು ಹೆಣ್ಣೆಂಬ ಮಾತು ತರಗತಿಯಲ್ಲಿ ಸಲ್ಲದೆಂದು ವಿದ್ಯಾವಂತರಿಗೇ ಸಂಕೋಚ. ಹಿತ್ತಿಲಲ್ಲಿ ಕುಂಬಳದ ಬಳ್ಳಿಯನ್ನು ಹಬ್ಬಿಸಿದ ಮುದುಕಿಗೆ ಅಂಥ ಸಂಕೋಚವೇನೂ ಇಲ್ಲ. ಬರೀ ಗಂಡುಹೂವೇ ಬಿಡುತ್ತಿದೆಯೆಂದು ಆಕೆ ಮೊಮ್ಮಕ್ಕಳೆದುರಿಗೇ ಬಳ್ಳಿಯನ್ನು ಬಯ್ಯುತ್ತಾಳೆ. ಬೆಂಡೆಯ ಒಂದೇ ಹೂವಿನಲ್ಲಿ ಹುಡಿಯೂ ಹೀಚೂ ಎರಡೂ ಇವೆ. ಕುಂಬಳದಲ್ಲಿ ಅವು ಬೇರೆ ಬೇರೆ ಹೂವುಗಳಲ್ಲಿವೆ. ಗಂಡುಹೂವು ಉದ್ದನೆಯ ತೆಳು ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣುಹೂವಿನ ಎಸಳುಗಳ ಕೆಳಗೆ ಗೋಲಿಯಷ್ಟು ಗಾತ್ರದ ಪುಟ್ಟ ಕುಂಬಳಕಾಯಿ ಅರಳುವುದಕ್ಕೆ ಮುಂಚೆಯೇ ಸಿದ್ಧವಾಗಿರುತ್ತದೆ. ನಾಳೆ ಅರಳಲಿರುವ ಹೆಣ್ಣುಮೊಗ್ಗೊಂದನ್ನು ಸಂಜೆಯೇ ತೆಳುವಾದ ಬಟ್ಟೆಯಿಂದ ಕಟ್ಟಿಡಲಿ. ಇನ್ನೊಂದಕ್ಕೆ ಬೆಳಿಗ್ಗೆ ಮಕ್ಕಳೇ ಗಂಡುಹೂವಿನ ಹುಡಿಯನ್ನು ಸವರಲಿ. ಜೇನು ಮುಟ್ಟಲಾರದ ಮೊದಲನೆಯದು ಕೆಲವು ದಿನಗಳಲ್ಲಿ ಹಳದಿಗೆ ತಿರುಗಿ ಉದುರುತ್ತದೆ. ಎರಡನೆಯದು ಸಾಮಾನ್ಯವಾಗಿ ಕಾಯಿಯಾಗಿ ಊದಿಕೊಳ್ಳುತ್ತದೆ.

ಇದು ಆಟದಂತೆ ತೋರಬಹುದು. ಆದರೆ ಹೂವಿನ ಹುಡಿ ನಿರರ್ಥಕವಾದ ಕಸವಲ್ಲವೆಂಬುದು ಶಾಸ್ತ್ರಜ್ಞರಿಗೆ ಸಿದ್ಧವಾದುದು ಇಂಥ ಆಟದಿಂದಲೇ. ಜರ್ಮನಿಯ ಟ್ಯೂಬಿಂಗನ್ನಿನ ಕಮೆರಾರಿಯಸನು ಹರಳುಗಿಡದ ಗಂಡುಹೂಗಳನ್ನು ಅರಳುವುದಕ್ಕೆ ಮುಂಚೆಯೇ ಚಿವುಟಿ ತೆಗೆದು, ಆ ಗಿಡ ಬೀಜ ಕಟ್ಟದೆಹೋದುದನ್ನು ಕಂಡು, ೧೬೯೪ರಲ್ಲಿ ಪತ್ರರೂಪದ ಗ್ರಂಥವೊಂದರಲ್ಲಿ ಪ್ರಕಟಿಸಿದನು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳೇ ಅದು. ಅದರ ಗೊಂಚಲಿನಲ್ಲಿ ಕೆಳಗೆ ಗಂಡುಹೂ, ಮೇಲೆ ಹೆಣ್ಣುಹೂ ಇರುವುದನ್ನು ಎಂಟು ಹತ್ತು ವರ್ಷದ ಮಕ್ಕಳಿಗೆ ತೋರಿಸಬಹುದು.

ಬೆಂಡೆಯಿಂದ ಪ್ರಾರಂಭಿಸಿದ ಮಗುವನ್ನು ಮುಂದೆ ಅಡಿಗೆಮನೆಗೆ ಕಳುಹಿಸಬೇಕು. ಬದನೆಕಾಯಿಯ ತಲೆಯ ಮೇಲಿರುವ ಹಸುರು ಟೊಪ್ಪಿ ಏನು? ಮೊಗ್ಗನ್ನು ಮುಚ್ಚಿದ್ದ ಪುಷ್ಪಪಾತ್ರೆಯೇ. ಬೆಂಡೆಯಲ್ಲಿ ಉದುರಿದ್ದು ಬದನೆಯಲ್ಲಿ ಉದುರದೆ ಕಾಯಿಯೊಡನೆ ಬೆಳೆಯಿತು. ದಾಳಿಂಬೆಯ ಕಿರೀಟ? ಅದೂ ಪುಷ್ಪಪಾತ್ರೆಯೇ, ಅದರೊಳಗೆ ಒಣಗಿದ ಕೇಸರಗಳನ್ನು ಈಗಲೂ ಕಾಣಬಹುದು. ಆದರೆ ಬದನೆಯ ಟೊಪ್ಪಿ ತೊಟ್ಟಿನ ಕಡೆಗಿದೆ, ದಾಳಿಂಬೆಯ ಕಿರೀಟ ತೊಟ್ಟಿಗೆ ಎದುರು ತುದಿಯಲ್ಲಿದೆ. ಇದೇಕೆ ಹೀಗೆ? ಈ ಪ್ರಶ್ನೆಯನ್ನು ಮಕ್ಕಳಿಗೆ ಹಾಕಿ ಎರಡು ದಿನ ಬಿಡಬೇಕು. ಸೀಬೆಹಣ್ಣನ್ನೂ ಸೌತೆಕಾಯಿಯನ್ನೂ ಪಕ್ಕದಲ್ಲಿಟ್ಟರೆ ಸುಳಿವು ಸಿಕ್ಕುತ್ತದೆ. ಬದನೆಯಲ್ಲಿ, ಬೆಂಡೆಯಲ್ಲಿ ಹೂವಿನ ಮಿಕ್ಕ ಭಾಗಗಳು ಕಾಯಿಯ ಬುಡದಲ್ಲಿ ಹುಟ್ಟುತ್ತವೆ. ದಾಳಿಂಬೆ, ಸೀಬೆ, ಸೌತೆ, ಕುಂಬಳಗಳಲ್ಲಿ ಅವು ಕಾಯಿಯ ನೆತ್ತಿಯ ಮೇಲೆ ಹುಟ್ಟುತ್ತವೆ. ಉಚ್ಚ ಅಂಡಾಶಯ, ನೀಚ ಅಂಡಾಶಯ ಎಂದು ಕಾಲೇಜಿನಲ್ಲಿ ನಾವು ಬಹು ಗಾಂಭೀರ್ಯದಿಂದ ಹೇಳುವ ವಿಷಯ ಇಷ್ಟೆ. ಏಳು ವರ್ಷದ ಮಗು ಬುಟ್ಟಿಯ ತರಕಾರಿಗಳನ್ನು ಈ ಎರಡು ಗುಂಪುಗಳಾಗಿ ತಾನೇ ವಿಂಗಡಿಸಬಲ್ಲುದು.

ಚಳಿಗಾಲದಲ್ಲಿ ಅವರೆಯ ಕಾಲ ಬಂದಾಗ ಕಾಯಿಯ ತುದಿಯ ಕೊಕ್ಕನ್ನು ತೋರಿಸಿ ಅದು ಶಲಾಕೆಯ ಅವಶೇಷವೆಂದು ಹೇಳಬಹುದು. ಲವಂಗವೆಂಬುದು ಬೀಜವೂ ಅಲ್ಲ ಕಾಯಿಯೂ ಅಲ್ಲ, ಅರಳದೆ ಒಣಗಿಸಿದ ಮೊಗ್ಗು. ಬಿಸಿನೀರಿನಲ್ಲಿ ನೆನೆಹಾಕಿ ಬಿಡಿಸಿದರೆ ನಾಲ್ಕು ಹಲ್ಲುಗಳ ನಡುವಣ ಗುಂಡಿನೊಳಗೆ ಮಡಿಚಿಟ್ಟ ಕೇಸರಗಳು ಹೊರಬೀಳುತ್ತವೆ. ಗೋಡಂಬಿಯ ಹಣ್ಣೆಂದು ತಿನ್ನುವುದು ಊದಿಕೊಂಡ ತೊಟ್ಟು. ನಿಜವಾದ ಕಾಯಿ ಅದರ ಕೆಳಗೆ ತೂಗುವ ಬೀಜದ ಚಿಪ್ಪು. ಇಂಥವು ಎಷ್ಟೋ ಇವೆ, ಎಲ್ಲವನ್ನೂ ಇಲ್ಲಿ ಹೇಳುವುದಕ್ಕೆ ಕಾಲಾವಕಾಶವಿಲ್ಲ.

ಎಳೆಯ ಮಕ್ಕಳಿಗೆ ತೋರಿಸದಿರುವುದು ಲೇಸೆನ್ನಿಸುವ ಹೂವುಗಳೂ ಕೆಲವಿವೆ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳು ಒಂದು ಹೂವಲ್ಲ, ಒತ್ತಾಗಿ ಸೇರಿದ ನೂರಾರು ಸಣ್ಣ ಹೂವುಗಳ ಮಂಡಲಿ. ಅವುಗಳ ಎಸಳೆಂದು ನಾವು ಕೀಳುವುದು ಒಂದೊಂದೂ ಒಂದು ಹೂವು. ಕಾಗದದ ಹೂವಿನ ಬಣ್ಣದ ಹಾಳೆಗಳು ಎಸಳುಗಳೇ ಅಲ್ಲ, ಬಣ್ಣಗಟ್ಟಿದ ಎಲೆಗಳು. ನಿಜವಾದ ಹೂವು ಅವುಗಳ ನಡುವೆ ಸಣ್ಣ ಕೊಳವೆಯಾಗಿ ಅಡಗಿರುತ್ತದೆ. ದುಂಡುಮಲ್ಲಿಗೆಯೂ ದಾಸವಾಳದಂತೆ ನಮ್ಮಲ್ಲಿ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಇವುಗಳ ಸರದಿ ಹತ್ತು ವರ್ಷ ದಾಟಿದ ಮೇಲೆ ಬರಲಿ. ಆಗ ಮಗುವಿಗೆ ಮೋಸಹೋಗುವುದರಲ್ಲಿಯೂ ಮೋಸವನ್ನು ಕಂಡುಹಿಡಿಯುವುದರಲ್ಲಿಯೂ ಸಂತೋಷವಿರುತ್ತದೆ.

ಪಟ್ಟಣದ ಮನೆಗಳಿಗೆ ಹಿತ್ತಿಲಿಲ್ಲವೆಂಬ ಮಾತನ್ನು ನಾವು ಮರೆತಿಲ್ಲ. ಬೆಂಡೆಗೆ ಹಿತ್ತಿಲು ಬೇಕಾಗಿಲ್ಲ. ಹಳೆಯ ಎಣ್ಣೆಯ ಡಬ್ಬದ ತಳಕ್ಕೆ ನಾಲ್ಕು ರಂಧ್ರಗಳನ್ನು ಹೊಡೆದು, ಮಣ್ಣು ಗೊಬ್ಬರ ತುಂಬಿ, ಬಿಸಿಲು ಬೀಳುವ ಮಹಡಿಯ ಮೂಲೆಯಲ್ಲಿಟ್ಟರೆ ಆಯಿತು. ರಾತ್ರಿ ನೀರಿನಲ್ಲಿ ನೆನೆಸಿದ ಬೀಜಗಳನ್ನು ಮಗುವೇ ಬಿತ್ತಲಿ. ಸುಮಾರು ಒಂದು ವಾರದಲ್ಲಿ ಎರಡು ಬೀಜದೆಲೆಗಳನ್ನು ಹೊತ್ತು ಮೊಳಕೆ ಮೇಲೇಳುತ್ತದೆ. ಆರೇಳು ವಾರಗಳಲ್ಲಿ ಮೊದಲನೆಯ ಹೂವು. ಅರಳಿದ ದಿನ ತೊಟ್ಟಿಗೆ ಒಂದು ಬಣ್ಣದ ದಾರವನ್ನು ಕಟ್ಟಿ, ದಿನವೂ ಕಾಯಿಯ ಉದ್ದವನ್ನು ಕಡ್ಡಿಯಿಂದ ಅಳೆದು ಗೋಡೆಯ ಮೇಲೆ ಗೆರೆ ಹಾಕಲು ಹೇಳಬೇಕು. ಐದಾರು ದಿನಗಳಲ್ಲಿ ಅದು ಅಡಿಗೆಗೆ ತಕ್ಕ ಕಾಯಾಗುತ್ತದೆ. ಆಗ ಮನೆಯವರು ಅದನ್ನು ಕೊಯ್ಯದಂತೆ ಕಾಯುವುದೇ ಮಗುವಿಗೆ ದೊಡ್ಡ ಕೆಲಸ. ದಾರ ಕಟ್ಟಿದ ಆ ಒಂದು ಕಾಯನ್ನು ಗಿಡದಲ್ಲಿಯೇ ಬಿಟ್ಟರೆ ಅದು ನಾರಾಗಿ, ಕಂದಾಗಿ, ಒಂದು ತಿಂಗಳ ಮೇಲೆ ಏಣುಗಳುದ್ದಕ್ಕೂ ತಾನೇ ಬಿರಿಯುತ್ತದೆ. ಸೀಳುಗಳೊಳಗಿನಿಂದ ಕಡುಬೂದು ಬಣ್ಣದ ಗುಂಡು ಬೀಜಗಳು ಅಂಗೈಗೆ ಉದುರುತ್ತವೆ. ಅವುಗಳಲ್ಲಿ ಎರಡನ್ನು ಮತ್ತೆ ಅದೇ ಡಬ್ಬದಲ್ಲಿ ಬಿತ್ತಬಹುದು.